ಬಹುಜನ ವಿಶ್ವಕೋಶದಲ್ಲಿ ಪ್ರಮಾಣವಿಚಾರ

ವಿಶ್ವಕೋಶವೆಂಬುದು ಕನ್ನಡ ನಾಡಿಗೆ ಹೊಸ ಪದಾರ್ಥವೇನಲ್ಲ. ನಿಜಗುಣ ಶಿವಯೋಗಿಗಳು ತಮ್ಮ 'ವಿವೇಕಚಿಂತಾಮಣಿ'ಯಲ್ಲಿ ಅಂದಿನ ವಿದ್ಯೆಗಳ ಸಾರವನ್ನೆಲ್ಲ ಕನ್ನಡ ಗದ್ಯದಲ್ಲಿ ಅಡಕಗೊಳಿಸಿದರು. ಕೆಳದಿಯ ಅರಸು ಬಸವಪ್ಪ ನಾಯಕನು 1709ರಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಮಹಾಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಈಚಿನ ಕಾಲದಲ್ಲಿ ಶಿವರಾಮ ಕಾರಂತರು 'ಬಾಲಪ್ರಪಂಚ'ವನ್ನೂ 'ವಿಜ್ಞಾನ ಪ್ರಪಂಚ'ವನ್ನೂ ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯವು 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಪೂರ್ಣಗೊಳಿಸಿತು. ಈ ಗ್ರಂಥಗಳ ಕಾಲ ಬೇರೆ, ಉದ್ದೇಶ ಬೇರೆ. ಆದರೆ ಒಂದು ವಿಷಯದಲ್ಲಿ ಇವೆಲ್ಲ ಒಂದೇ ಜಾತಿಯವು. ಓದುವವನಿಗೆ ಹೇಳುವವರು ಯಾರೆಂಬುದು ಗೊತ್ತಿರುತ್ತದೆ. ಶಿವಯೋಗಿಗಳ ಅನುಭಾವ, ಅರಸನ ಆಸ್ಥಾನದ ವಿದ್ವತ್ತು, ವಿಶ್ವವಿದ್ಯಾನಿಲಯದ ಪಂಡಿತ ಮಂಡಲಿ ಇವುಗಳಲ್ಲಿ ಒಂದಲ್ಲ ಒಂದು ಗ್ರಂಥದ ಬೆನ್ನಿಗಿರುತ್ತದೆ. ಕರ್ತೃವಿನ ಮೇಲಣ ವಿಶ್ವಾಸವೇ ಗ್ರಂಥದ ಮೇಲಣ ವಿಶ್ವಾಸವಾಗಿ ಪರಿಣಮಿಸುತ್ತದೆ.

2001ರ ಜನವರಿ 15ರಂದು ಅಂತರಜಾಲದಲ್ಲಿ ತಲೆಯೆತ್ತಿದ ವಿಕಿಪೀಡಿಯವು ಈ ಬಗೆಯ ವಿಶ್ವಾಸಕ್ಕೆ ಆಸ್ಪದವನ್ನೇ ಇರಗೊಡಲಿಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಹೆಸರು ಹೇಳಬೇಕಾದುದೂ ಇಲ್ಲ. ಇಂಥ ಗ್ರಂಥವನ್ನು ಯಾವ ಆಧಾರದ ಮೇಲೆ ನಂಬತಕ್ಕದ್ದು? ಈ ಪ್ರಶ್ನೆಗೆ ಉತ್ತರವು ಒಂದೇ ದಿನದಲ್ಲಿ ದೊರೆತುದಲ್ಲ. ಎಡವಿ, ಅಪಕೀರ್ತಿಗೆ ಗುರಿಯಾಗಿ, ತಿದ್ದಿಕೊಂಡು ಆ ಸಂಪಾದಕರು ಕಂಡುಕೊಂಡ ಉತ್ತರವೆಂದರೆ ಆಕರಸೂಚನೆ. ಹೇಳುವವನು ಯಾರಾದರೇನು, ಹೇಳಿದ ಮಾತಿಗೆ ಅಚ್ಚಾದ ಆಧಾರವುಂಟೆ ಎಂಬುದೊಂದೇ ಅಲ್ಲಿಯ ಪರೀಕ್ಷೆ.

ವಿಕಿಪೀಡಿಯಕ್ಕೆ ಒಂದು ಪೂರ್ವಜನ್ಮವಿತ್ತು. 2000ದ ಮಾರ್ಚಿಯಲ್ಲಿ ಅಮೆರಿಕದ ಜಿಮ್ಮಿ ವೇಲ್ಸ್ ಎಂಬ ಉದ್ಯಮಿಯು 'ನ್ಯೂಪೀಡಿಯ' ಎಂಬ ಹೆಸರಿನಲ್ಲಿ ಅಂತರಜಾಲದ ವಿಶ್ವಕೋಶವೊಂದನ್ನು ಆರಂಭಿಸಿ, ತತ್ತ್ವಶಾಸ್ತ್ರದ ವಿದ್ಯಾರ್ಥಿಯಾದ ಲ್ಯಾರಿ ಸ್ಯಾಂಗರನನ್ನು ಪ್ರಧಾನ ಸಂಪಾದಕನನ್ನಾಗಿ ನೇಮಿಸಿದನು. ಅಲ್ಲಿ ಬರೆಯುವವರು ತಜ್ಞರಾಗಿರಬೇಕಿತ್ತು. ಬರೆದುದು ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಿತ್ತು. ಪರಿಣಾಮವಾಗಿ ಮೊದಲನೆಯ ವರ್ಷದಲ್ಲಿ ಸಿದ್ಧವಾದ ಲೇಖನಗಳು ಇಪ್ಪತ್ತೈದನ್ನೂ ಮುಟ್ಟಲಿಲ್ಲ. ಇದಕ್ಕೆ ಪೂರಕವಾಗಲೆಂದು, ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ನಿರ್ಮಿಸಿದ್ದ 'ವಿಕಿ'ಯ ಪದ್ಧತಿಯನ್ನು ತಂದು ಎಲ್ಲರಿಗೂ ಬಾಗಿಲು ತೆರೆದರು. ('ವಿಕಿ' ಎಂಬುದು ಹವಾಯಿ ಭಾಷೆಯ ಮಾತು, ಶೀಘ್ರವೆಂದು ಅರ್ಥ.) ಹೊರಜಗುಲಿಯೆಂದು ಕಟ್ಟಿದುದೇ ಮನೆಯಾಯಿತು. ಆ ವರ್ಷದ ಕೊನೆಗೆ ಲೇಖನಗಳು ಸುಮಾರು 20,000ಕ್ಕೆ ಏರಿದವು. ನ್ಯೂಪೀಡಿಯವು 2003ರಲ್ಲಿ ಮುಚ್ಚಿಹೋಯಿತು.

ಅಡಿಟಿಪ್ಪಣಿಯ ಮೇಲೆ ವಿಶ್ವಕೋಶವನ್ನು ನಿಲ್ಲಿಸುವ ವಿಚಾರವು ವಿಕಿಪೀಡಿಯದವರ ಸ್ವಂತ ಶೋಧನೆಯೇನೂ ಅಲ್ಲ. ಫ್ರಾನ್ಸಿನಿಂದ ಮತೀಯ ಕಿರುಕುಳಕ್ಕೆ ಸಿಕ್ಕಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ನೆಲೆಸಿದ್ದ ಪಿಯೆರ್ ಬೇಲ್ ಎಂಬ ವಿದ್ವಾಂಸನು 1697ರಲ್ಲಿ ಐತಿಹಾಸಿಕ ಮತ್ತು ವಿಮರ್ಶಾತ್ಮಕ ಕೋಶವೊಂದನ್ನು ಪ್ರಕಟಿಸಿದನು. ಮೊರೆರಿಯೆಂಬವನು 1674ರಲ್ಲಿ ರಚಿಸಿದ್ದ ಕೋಶದ ತಪ್ಪುಗಳನ್ನು ಎತ್ತಿ ತೋರಿಸಬೇಕೆಂಬುದೇ ಅವನ ಮೊದಲ ಸಂಕಲ್ಪವಾಗಿತ್ತು. ಬೇಲನ ಪುಟಗಳಲ್ಲಿ ಮೂಲವು ಮೇಲ್ತುದಿಯಲ್ಲಿ ಎರಡು ಮೂರು ಸಾಲಾಗಿ ನಿಂತರೆ, ಟಿಪ್ಪಣಿಯು ಪುಟವನ್ನೆಲ್ಲ ತುಂಬುತ್ತದೆ. ಆ ಟಿಪ್ಪಣಿಗೂ ಅಂಚಿನಲ್ಲಿ ಆಕರಗಳು. ನಮ್ಮಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಪೂರ್ವಕವಿಗಳ ಹೆಸರುಗಳನ್ನು ಒಂದೆಡೆ ಹೇಳಿ, ಅವರ ಪ್ರಯೋಗಗಳನ್ನು ಗ್ರಂಥದುದ್ದಕ್ಕೂ ಕೊಟ್ಟನು. ಯಾವ ಪದ್ಯ ಯಾರದೆಂಬುದನ್ನು ಮಾತ್ರ ಬಹುಮಟ್ಟಿಗೆ ಹೇಳಲಿಲ್ಲ. ಅವನ ಕಾಲದ ಓದುಗರಿಗೆ ಅದು ಗೊತ್ತಿದ್ದ ಸಂಗತಿ. ಏಳು ಶತಮಾನಗಳ ಅನಂತರದ ಸಂಶೋಧಕರಿಗೆ ಅದೇ ದೊಡ್ಡ ದುಡಿಮೆಯಾಯಿತು.

ವಿಕಿಪೀಡಿಯದಲ್ಲಿ ಈ ವಿಷಯದ ನಿಯಮಗಳು ರೂಪುಗೊಂಡುದು 2003ರಲ್ಲಿ. ಬರೆದ ಮಾತನ್ನು ಓದುಗನು ಬೇರೆಡೆ ಪರಿಶೀಲಿಸಿ ನೋಡುವಂತಿರಬೇಕೆಂಬುದು ಒಂದು. ಸಂಪಾದಕನು ತನ್ನ ಸ್ವಂತ ಸಂಶೋಧನೆಯನ್ನು ಅಲ್ಲಿ ತುಂಬಬಾರದೆಂಬುದು ಇನ್ನೊಂದು. ಈ ಎರಡನೆಯ ನಿಯಮದ ಹುಟ್ಟು ಸ್ವಾರಸ್ಯಕರವಾಗಿದೆ. ಭೌತಶಾಸ್ತ್ರವನ್ನು ತಾವೇ ತಲೆಕೆಳಗು ಮಾಡಿರುವುದಾಗಿ ಹೇಳಿಕೊಳ್ಳುವ ಹವ್ಯಾಸಿಗಳು ತಮ್ಮ ಸಿದ್ಧಾಂತಗಳನ್ನು ತಂದು ಸುರಿಯತೊಡಗಿದ್ದರು. ಅವರೊಡನೆ ವಾದಿಸುವ ಸಾಮರ್ಥ್ಯವೂ ವ್ಯವಧಾನವೂ ಸಾಮಾನ್ಯ ಸಂಪಾದಕರಿಗೆ ಇರಲಿಲ್ಲ. 'ನಿಮ್ಮ ಸಿದ್ಧಾಂತ ಸರಿಯೋ ತಪ್ಪೋ ನಾವು ಅರಿಯೆವು. ಅದನ್ನು ಪ್ರಕಟಿಸಿದ ಪತ್ರಿಕೆ ಯಾವುದು, ತೋರಿಸಿರಿ' ಎಂದು ಕೇಳುವುದು ಸುಲಭವಾಯಿತು.

ಭಾರತೀಯ ದರ್ಶನಗಳನ್ನು ಬಲ್ಲವರಿಗೆ ಈ ವ್ಯವಸ್ಥೆಯ ಒಳಗುಟ್ಟು ಬೇಗನೆ ಹೊಳೆಯುತ್ತದೆ. ಪ್ರತ್ಯಕ್ಷ, ಅನುಮಾನ, ಶಬ್ದವೆಂಬ ಪ್ರಮಾಣಗಳಲ್ಲಿ ಮೊದಲಿನ ಎರಡನ್ನೂ ವಿಕಿಪೀಡಿಯವು ತನ್ನ ಸಂಪಾದಕರಿಗೆ ನಿಷೇಧಿಸಿದೆ. ಸಂಪಾದಕನು ಕಣ್ಣಾರೆ ಕಂಡುದು ಅಲ್ಲಿ ಪ್ರಮಾಣವಲ್ಲ. ಎರಡು ಗ್ರಂಥಗಳ ಮಾತುಗಳನ್ನು ಕೂಡಿಸಿ ಮೂರನೆಯದೊಂದನ್ನು ಅವನೇ ಊಹಿಸಿದರೆ ಅದೂ ಪ್ರಮಾಣವಲ್ಲ. ಉಳಿದುದು ಶಬ್ದ ಮಾತ್ರ; ಅದರಲ್ಲಿಯೂ ಆಪ್ತವಾಕ್ಯ ಮಾತ್ರ. ಆಪ್ತನೆಂದರೆ ವಸ್ತುವನ್ನು ಉಳ್ಳಂತೆ ಅರಿತು, ಅರಿತುದನ್ನು ಅರಿತಂತೆ ಹೇಳಬಯಸುವವನು. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಹೇಳಿದ್ದಾನೆ. ಹುಟ್ಟಲ್ಲ, ಪದವಿಯಲ್ಲ, ಅರಿವು ಮತ್ತು ಪ್ರಾಮಾಣಿಕತೆಗಳೇ ಆಪ್ತತೆ. ಪ್ರಶ್ನೆ ಉಳಿಯುವುದು ಆಪ್ತನನ್ನು ಗುರುತಿಸುವ ಬಗೆಯಲ್ಲಿ.

ನಿಯಮವಿದ್ದರೂ ಪಾಲನೆ ಸಡಿಲವಾಗಿದ್ದ ದಿನಗಳಲ್ಲಿ ಜಾನ್ ಸೀಗೆಂತಾಲರ್ ಎಂಬ ಹಿರಿಯ ಪತ್ರಕರ್ತರ ಪ್ರಕರಣ ನಡೆಯಿತು. ಈತ ಅಮೆರಿಕದಲ್ಲಿ ಮನ್ನಣೆ ಪಡೆದ ವ್ಯಕ್ತಿ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಕೆನೆಡಿಯ ಆಪ್ತಸಹಾಯಕರಾಗಿದ್ದವರು. ಕಪ್ಪುಜನರ ಸಮಾನ ಹಕ್ಕಿನ ಚಳವಳಿಗಾರರನ್ನು ರಕ್ಷಿಸಲು ಹೋಗಿ 1961ರಲ್ಲಿ ಮಾಂಟ್‌ಗಮರಿ ನಗರದಲ್ಲಿ ಗುಂಪಿನವರಿಂದ ಪೆಟ್ಟು ತಿಂದು ಪ್ರಜ್ಞೆ ತಪ್ಪಿ ಬಿದ್ದವರು. ರಾಬರ್ಟ್ ಕೆನೆಡಿಯ ಶವಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬರು. 2005ರ ಮೇ ತಿಂಗಳಲ್ಲಿ ಹೆಸರು ತಿಳಿಸದ ಯಾರೋ ಒಬ್ಬನು ವಿಕಿಪೀಡಿಯದಲ್ಲಿ ಇವರ ಮೇಲೆ ಪುಟವೊಂದನ್ನು ಬರೆದು, ಜಾನ್ ಮತ್ತು ರಾಬರ್ಟ್ ಕೆನೆಡಿ ಸಹೋದರರಿಬ್ಬರ ಹತ್ಯೆಗಳಲ್ಲಿಯೂ ಇವರ ಕೈವಾಡವಿದ್ದಂತೆ ಕೆಲಕಾಲ ಶಂಕಿಸಲಾಗಿತ್ತೆಂದೂ ಯಾವುದೂ ಸಿದ್ಧವಾಗಲಿಲ್ಲವೆಂದೂ ಸೇರಿಸಿದನು. ಹಲವು ವರ್ಷ ಸೋವಿಯತ್ ಒಕ್ಕೂಟದಲ್ಲಿ ವಾಸವಾಗಿದ್ದರೆಂಬುದೂ ಅದರೊಳಗಿತ್ತು. ಒಂದು ಮಾತಿಗೂ ಆಕರವಿರಲಿಲ್ಲ. 'ಸಿದ್ಧವಾಗಲಿಲ್ಲ' ಎಂಬ ಸೇರಿಕೆಯ ಕುಟಿಲತೆಯನ್ನು ಗಮನಿಸಬೇಕು. ಸುಳ್ಳಿಗೆ ನಿಷ್ಪಕ್ಷಪಾತದ ವೇಷ ಬಂದುದು ಅದರಿಂದಲೇ.

ಆ ಪುಟವು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ಇತ್ತು. ಅದನ್ನು ನಕಲು ಮಾಡಿಕೊಂಡ ಬೇರೆ ತಾಣಗಳಲ್ಲಿಯೂ ಹಬ್ಬಿತು. 78 ವರ್ಷದ ಆ ವೃದ್ಧರು ನವೆಂಬರ್ 29ರಂದು 'ಯುಎಸ್‌ಎ ಟುಡೇ' ಪತ್ರಿಕೆಯಲ್ಲಿ ತಮ್ಮ ಸಂಕಟವನ್ನು ಬರೆದ ಮೇಲೆ ಲೋಕದ ಗಮನ ಇತ್ತ ಹರಿಯಿತು. ಬರೆದವನು ಕೆಲವೇ ದಿನಗಳಲ್ಲಿ ಪತ್ತೆಯಾದನು; ಒಬ್ಬ ಸಹೋದ್ಯೋಗಿಯನ್ನು ಬೆರಗುಗೊಳಿಸಲು ತಮಾಷೆಗಾಗಿ ಬರೆದೆನೆಂದು ಒಪ್ಪಿಕೊಂಡನು. ಡಿಸೆಂಬರ್ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯವು ಹೆಸರು ನೋಂದಾಯಿಸದವರು ಹೊಸ ಪುಟ ಆರಂಭಿಸುವುದನ್ನು ತಡೆಯಿತು. ಬದುಕಿರುವ ವ್ಯಕ್ತಿಗಳನ್ನು ಕುರಿತ ಆಕ್ಷೇಪಾರ್ಹ ಮಾತಿಗೆ ಆಕರವಿಲ್ಲದಿದ್ದರೆ ಚರ್ಚೆಗೆ ಕಾಯದೆ ಕೂಡಲೇ ತೆಗೆದುಹಾಕತಕ್ಕದ್ದೆಂಬ ಕಟ್ಟುನಿಟ್ಟಿನ ವಿಧಿಯೂ ಬೆಳೆದು ಬಂದಿತು. ಅದೇ ವರ್ಷ, ಆಧಾರವಿಲ್ಲದ ವಾಕ್ಯದ ಪಕ್ಕದಲ್ಲಿ 'ಉಲ್ಲೇಖ ಬೇಕು' ಎಂಬ ಗುರುತನ್ನು ಅಂಟಿಸುವ ಪದ್ಧತಿಯೂ ಬಂದಿತು. ಕನ್ನಡ ವಿಕಿಪೀಡಿಯದ ಪುಟಗಳಲ್ಲಿ 'ಸಾಕ್ಷ್ಯಾಧಾರ ಬೇಕಾಗಿದೆ' ಎಂದು ಕಾಣುವ ಗುರುತು ಇದರದೇ ಕವಲು.

ವಿಚಿತ್ರವೆಂದರೆ, ಅದೇ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯು 42 ವೈಜ್ಞಾನಿಕ ಲೇಖನಗಳನ್ನು ತಜ್ಞರಿಂದ ಪರೀಕ್ಷಿಸಿ, ವಿಕಿಪೀಡಿಯದಲ್ಲಿ ಲೇಖನವೊಂದಕ್ಕೆ ಸರಾಸರಿ ನಾಲ್ಕು ತಪ್ಪುಗಳೂ ಬ್ರಿಟಾನಿಕದಲ್ಲಿ ಮೂರೂ ಇವೆಯೆಂದು ಪ್ರಕಟಿಸಿತು. ಬ್ರಿಟಾನಿಕದವರು ಮರುವರ್ಷ ಇದನ್ನು ತೀವ್ರವಾಗಿ ಖಂಡಿಸಿದರು. ಖಂಡನೆ ಏನೇ ಇರಲಿ, ಬ್ರಿಟಾನಿಕದಲ್ಲಿಯೂ ತಪ್ಪುಗಳಿರಬಹುದೆಂಬುದು ಸಾಮಾನ್ಯ ಓದುಗನ ಮನಸ್ಸಿಗೆ ಬಂದುದು ಆಗಲೇ.

ಕರ್ತೃವಿನ ಮೇಲಣ ವಿಶ್ವಾಸವು ಎಷ್ಟು ದುರ್ಬಲವೆಂಬುದನ್ನು 2007ರ ಇನ್ನೊಂದು ಪ್ರಸಂಗ ತೋರಿಸಿತು. ತಾನು ದೇವತಾಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಂಡು, ಆ ಪದವಿಯ ಬಲದಿಂದ ಚರ್ಚೆಗಳಲ್ಲಿ ಮೇಲುಗೈ ಪಡೆಯುತ್ತಿದ್ದ ಹಿರಿಯ ಸಂಪಾದಕನೊಬ್ಬನು ವಾಸ್ತವದಲ್ಲಿ ಯಾವ ಪದವಿಯೂ ಇಲ್ಲದ 24 ವರ್ಷದ ತರುಣನೆಂಬುದು ಬಯಲಾಯಿತು. ತಜ್ಞರ ಅಧಿಕಾರವೇ ಮುಖ್ಯವೆಂದು ನಂಬಿದ್ದ ಸ್ಯಾಂಗರನು ಆ ವೇಳೆಗೆ ಬೇರೆಯಾಗಿ ಹೋಗಿ, ನಿಜನಾಮದಿಂದಲೇ ಬರೆಯಬೇಕೆಂಬ ನಿಯಮದ 'ಸಿಟಿಜೆಂಡಿಯಂ' ಎಂಬ ಕೋಶವನ್ನು ತೆರೆದಿದ್ದನು. ಅದು ಬೆಳೆಯಲಿಲ್ಲ.

ಆಕರವನ್ನು ಕೇಳಿದ ಮಾತ್ರಕ್ಕೆ ಕೆಲಸ ಮುಗಿಯಿತೆ? ಆಕರವೇ ವಿಕಿಪೀಡಿಯವನ್ನು ನೋಡಿ ಬರೆದುದಾದರೆ? ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂದು ಹೇಳುವ ದೋಷವು ಇಲ್ಲಿ ದಿನನಿತ್ಯದ ಕಾಟವಾಗಿ ಬಂದಿದೆ. 2009ರ ಫೆಬ್ರವರಿಯಲ್ಲಿ ಕಾರ್ಲ್ ಥಿಯೊಡೋರ್ ಸು ಗುಟ್ಟೆನ್‌ಬರ್ಗ್ ಎಂಬಾತನು ಜರ್ಮನಿಯ ಅರ್ಥಮಂತ್ರಿಯಾಗಿ ಬಂದನು. ಶ್ರೀಮಂತ ಮನೆತನದ ಈತನ ಪೂರ್ಣನಾಮವು ಮೊದಲೇ ಒಂದು ಸರಮಾಲೆ. ಯಾರೋ ಕಿಡಿಗೇಡಿ ಜರ್ಮನ್ ವಿಕಿಪೀಡಿಯದಲ್ಲಿ ಅದಕ್ಕೆ 'ವಿಲ್‌ಹೆಲ್ಮ್' ಎಂಬ ಇನ್ನೊಂದು ಮಣಿಯನ್ನು ಪೋಣಿಸಿದನು. ಮರುದಿನ ದೊಡ್ಡ ದೊಡ್ಡ ಪತ್ರಿಕೆಗಳು ಹಾಗೆಯೇ ಅಚ್ಚುಹಾಕಿದವು. ವಿಕಿಪೀಡಿಯದ ಸಂಪಾದಕರು ಆ ಹೆಸರಿಗೆ ಆಧಾರ ಕೇಳಿದಾಗ, ಆಧಾರವೆಂದು ಮುಂದಿಟ್ಟುದು ಆ ಪತ್ರಿಕೆಗಳನ್ನೇ! (ಇದೇ ಮಂತ್ರಿಯು 2011ರಲ್ಲಿ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಆಕರ ಹೇಳದೆ ಅನ್ಯರ ಬರವಣಿಗೆಯನ್ನು ಸೇರಿಸಿದ ಕಾರಣದಿಂದ ಪದವಿಯನ್ನೂ ಮಂತ್ರಿಗಿರಿಯನ್ನೂ ಕಳೆದುಕೊಂಡನು. ಆ ಚೌರ್ಯವನ್ನು ಪುಟಪುಟವಾಗಿ ಪತ್ತೆಹಚ್ಚಿದುದು ವಿಕಿಯ ಪದ್ಧತಿಯಲ್ಲಿಯೇ ಕೂಡಿ ದುಡಿದ ಅನಾಮಧೇಯ ಓದುಗರು.)

ಅದೇ 2009ರ ಮಾರ್ಚಿಯಲ್ಲಿ ಚಿತ್ರಸಂಗೀತಗಾರ ಮೊರೀಸ್ ಜಾರ್ ನಿಧನನಾದಾಗ, ಡಬ್ಲಿನ್ ನಗರದ ವಿದ್ಯಾರ್ಥಿಯೊಬ್ಬನು ಪತ್ರಿಕೆಗಳನ್ನು ಪರೀಕ್ಷಿಸಲೆಂದೇ ಕೃತಕವಾದ ಹೇಳಿಕೆಯೊಂದನ್ನು ಆತನ ಬಾಯಲ್ಲಿಟ್ಟು ವಿಕಿಪೀಡಿಯದಲ್ಲಿ ಬರೆದನು. ಬ್ರಿಟನ್, ಆಸ್ಟ್ರೇಲಿಯ, ಭಾರತಗಳ ಪತ್ರಿಕೆಗಳು ಅದನ್ನು ಶ್ರದ್ಧಾಂಜಲಿಯಲ್ಲಿ ಬಳಸಿಕೊಂಡವು. ವಿಕಿಪೀಡಿಯದ ಸಂಪಾದಕರಾದರೋ ಆಕರವಿಲ್ಲವೆಂಬ ಕಾರಣದಿಂದ ಅದನ್ನು ಮತ್ತೆ ಮತ್ತೆ ತೆಗೆದುಹಾಕಿದ್ದರು. ಸಂಬಳ ಪಡೆಯುವ ಪತ್ರಕರ್ತರು ಕೇಳದ ಪ್ರಶ್ನೆಯನ್ನು ಸಂಬಳವಿಲ್ಲದ ಹವ್ಯಾಸಿಗಳು ಕೇಳಿದ್ದರೆಂಬುದು ಈ ಪ್ರಸಂಗದಲ್ಲಿ ನಿಜವಾಗಿ ನೆನಪಿಡಬೇಕಾದ ಅಂಶ.

ಇನ್ನೊಂದು ಉದಾಹರಣೆ ದಕ್ಷಿಣ ಅಮೆರಿಕದ ಕೋಆಟಿ ಎಂಬ ಉದ್ದಮೂತಿಯ ಪ್ರಾಣಿಯದು. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬನು ಅದಕ್ಕೆ 'ಬ್ರೆಜಿಲಿನ ಆರ್ಡ್‌ವಾರ್ಕ್' ಎಂಬ ಹೆಸರೂ ಉಂಟೆಂದು ವಿನೋದಕ್ಕೆ ಸೇರಿಸಿದನು. ಆರ್ಡ್‌ವಾರ್ಕ್ ಆಫ್ರಿಕದ ಬೇರೊಂದು ಪ್ರಾಣಿ. ವರ್ಷಗಳು ಕಳೆಯುತ್ತ ಆ ಹೆಸರು ಪತ್ರಿಕೆಗಳಿಗೂ ವಿಶ್ವವಿದ್ಯಾನಿಲಯದ ಮುದ್ರಣಾಲಯಗಳು ಹೊರತಂದ ಪುಸ್ತಕಗಳಿಗೂ ಏರಿತು. ಕೊನೆಗೆ ಅವುಗಳೇ ಅದಕ್ಕೆ ಅಡಿಟಿಪ್ಪಣಿಯಾದವು. 2014ರಲ್ಲಿ 'ನ್ಯೂಯಾರ್ಕರ್' ಪತ್ರಿಕೆ ಈ ಕತೆಯನ್ನು ಬಿಚ್ಚಿಟ್ಟಿತು. ಈ ಕಾರಣದಿಂದಲೇ ವಿಕಿಪೀಡಿಯವು ತನ್ನ ಪುಟಗಳನ್ನು ತಾನೇ ಆಕರವೆಂದು ಒಪ್ಪುವುದಿಲ್ಲ.

ಆಪ್ತತೆಯನ್ನು ಗುರುತಿಸುವ ಕೆಲಸವು ಇಷ್ಟರಿಂದಲೇ ಎಷ್ಟು ಸೂಕ್ಷ್ಮವೆಂಬುದು ವಿದಿತವಾಗುತ್ತದೆ. 2017ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು ಲಕ್ಷಾಂತರ ಪ್ರತಿಗಳು ಮಾರಾಟವಾಗುವ 'ಡೈಲಿ ಮೇಲ್' ಪತ್ರಿಕೆಯನ್ನು ಸಾಮಾನ್ಯವಾಗಿ ನಂಬತಕ್ಕದ್ದಲ್ಲವೆಂದು ತೀರ್ಮಾನಿಸಿದರು. ಪ್ರಸಾರವು ಆಪ್ತತೆಯಲ್ಲ. ಇನ್ನೊಂದು ಕಡೆ, ಕಾದಂಬರಿಕಾರ ಫಿಲಿಪ್ ರಾತ್ ತನ್ನ 'ದಿ ಹ್ಯೂಮನ್ ಸ್ಟೇನ್' ಕೃತಿಯ ಸ್ಫೂರ್ತಿ ಯಾರೆಂಬ ವಿಷಯದಲ್ಲಿ ವಿಕಿಪೀಡಿಯದ ತಪ್ಪನ್ನು ತಿದ್ದಲು ಹೋದಾಗ, ಸ್ವಂತ ಕೃತಿಯಾದರೂ ಅನ್ಯ ಆಕರ ಬೇಕೆಂಬ ಉತ್ತರ ಬಂದಿತು. ಆತನು 2012ರಲ್ಲಿ 'ನ್ಯೂಯಾರ್ಕರ್'ನಲ್ಲಿ ದೀರ್ಘವಾದ ಬಹಿರಂಗ ಪತ್ರವನ್ನು ಬರೆದನು. ಆ ಪತ್ರವೇ ಆಕರವಾಯಿತು! ಹಲವರು ಇದನ್ನು ನಕ್ಕು ಬಿಟ್ಟರು. ಆದರೆ ರಾತ್‌ನ ಹೆಸರಿನಲ್ಲಿ ಬರೆದವನು ರಾತನೇ ಎಂಬುದನ್ನು ಮುಖ ಕಾಣದ ಸಂಪಾದಕನು ಅರಿಯುವ ಬಗೆ ಯಾವುದು?

ಕನ್ನಡ ವಿಕಿಪೀಡಿಯವು ಆರಂಭವಾದುದು 2003ರಲ್ಲಿ. ಇಲ್ಲಿ ಆಕರಸಮಸ್ಯೆಯ ರೂಪ ಬೇರೆ. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯ ಯೋಜನೆಯೊಂದರ ಮೂಲಕ ಇಂಗ್ಲಿಷಿನ ಲೇಖನಗಳು ಯಂತ್ರದ ನೆರವಿನಿಂದ ಕನ್ನಡಕ್ಕೆ ಬಂದವು. ಅವುಗಳ ಜೊತೆಯಲ್ಲಿಯೇ ಇಂಗ್ಲಿಷ್ ಅಡಿಟಿಪ್ಪಣಿಗಳ ಸಾಲೂ ಬಂದಿತು. ಕನ್ನಡ ಶರಣನನ್ನೋ ಶಾಸನವನ್ನೋ ಕುರಿತ ಪುಟಕ್ಕೆ ಅಂಥ ಟಿಪ್ಪಣಿಗಳು ತಾವಾಗಿ ಬಂದು ಕೂರುವುದಿಲ್ಲ. ಗ್ರಂಥವನ್ನು ತೆರೆದು ಪುಟಸಂಖ್ಯೆಯನ್ನು ನೋಡಿ ಬರೆಯುವ ಕೈ ಬೇಕು.

ಅಂಥ ಕೈಗೂ ಎಚ್ಚರ ಬೇಕೆಂಬುದಕ್ಕೆ ಬಸವಣ್ಣನವರ ಚರಿತ್ರೆಯೇ ಸಾಕು. ಹರಿಹರನ ರಗಳೆಯಲ್ಲಿ ಅವರ ತಂದೆತಾಯಿಗಳು ಬೇಗನೆ ಅಗಲುತ್ತಾರೆ, ಬಾಲಕನು ಮುತ್ತವ್ವೆಯ ಆಸರೆಯಲ್ಲಿ ಬೆಳೆಯುತ್ತಾನೆ. ಉಪನಯನವಾಗಿದ್ದು, ಹದಿನಾರರ ಹರೆಯದಲ್ಲಿ ಜನಿವಾರವನ್ನು ತ್ಯಜಿಸುತ್ತಾನೆ. ಭೀಮಕವಿಯ 1369ರ 'ಬಸವಪುರಾಣ'ದಲ್ಲಿ ಉಪನಯನವನ್ನೇ ನಿರಾಕರಿಸಿ ಹೊರಡುತ್ತಾನೆ. ಎರಡೂ ಪ್ರಾಚೀನ, ಎರಡೂ ಪೂಜ್ಯ. ವಿಶ್ವಕೋಶದ ಸಂಪಾದಕನು ಒಂದನ್ನು ನಿಜವೆಂದು ಆರಿಸಿಕೊಂಡು ಇನ್ನೊಂದನ್ನು ಮರೆಸುವಂತಿಲ್ಲ. ಇದು ಹರಿಹರನ ಮಾತು, ಇದು ಭೀಮಕವಿಯ ಮಾತು ಎಂದು ಹೇಳಿ, ಅವುಗಳನ್ನು ತೂಗಿ ನೋಡಿದ ವಿದ್ವಾಂಸರನ್ನು ಉಲ್ಲೇಖಿಸಬೇಕಾಗುತ್ತದೆ.

ಇನ್ನು ಶಾಸನದ ಮಾತು. ಡಾ. ಫ್ಲೀಟ್ ಅಬ್ಬಲೂರಿನ ಶಾಸನಗಳನ್ನು 'ಎಪಿಗ್ರಾಫಿಯ ಇಂಡಿಕ'ದ ಐದನೆಯ ಸಂಪುಟದಲ್ಲಿ ಪ್ರಕಟಿಸುವಾಗ, ಏಕಾಂತದ ರಾಮಯ್ಯನಿಗೆ ಶಾಸನಾಧಾರವಿದೆ, ಬಸವಣ್ಣನವರ ಪುರಾಣೋಕ್ತ ಚರಿತ್ರೆಗೆ ಅಂಥ ಆಧಾರ ಕಾಣದೆಂಬ ನಿಲುವನ್ನು ತಾಳಿ, ಪ್ರವರ್ತಕನ ಸ್ಥಾನವನ್ನು ರಾಮಯ್ಯನಿಗೇ ಕೊಟ್ಟನು. ಅವನ ವಿದ್ವತ್ತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅನಂತರ ಬೆಳಕಿಗೆ ಬಂದ, ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಸಂಗನಬಸವನ ಉಲ್ಲೇಖವಿದೆ. ಇಂದು ಸಂಪಾದಕನೊಬ್ಬನು ಸಂಪುಟ, ಪುಟಗಳ ಸಮೇತ ಫ್ಲೀಟನನ್ನು ಮಾತ್ರ ಉಲ್ಲೇಖಿಸಿದರೆ ಟಿಪ್ಪಣಿಯು ನಿರ್ದುಷ್ಟವಾಗಿರುತ್ತದೆ, ಲೇಖನವು ದಾರಿ ತಪ್ಪಿರುತ್ತದೆ. ಹಾಗೆಂದು ಶಾಸನದ ಪಾಠವನ್ನು ತಾನೇ ಓದಿ ತಾನೇ ತೀರ್ಮಾನ ಕೊಡುವಂತೆಯೂ ಇಲ್ಲ. ಪಿ. ಬಿ. ದೇಸಾಯಿಯವರ 1968ರ ಗ್ರಂಥದಂಥ ವಿವೇಚನೆಯನ್ನು ಆಶ್ರಯಿಸುವುದೇ ಅವನಿಗಿರುವ ಮಾರ್ಗ. ವಚನಗಳಿಗಾದರೋ ಇಷ್ಟು ತೊಡಕಿಲ್ಲ. ಫ. ಗು. ಹಳಕಟ್ಟಿಯವರ 1923ರ 'ವಚನಶಾಸ್ತ್ರಸಾರ'ದಿಂದ ಆರಂಭವಾದ ಕಾರ್ಯವು 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರಬಂದ 15 ಸಂಪುಟಗಳ 'ಸಮಗ್ರ ವಚನ ಸಂಪುಟ'ದವರೆಗೆ ಸಾಗಿದೆ. ಅಂಕಿತವೊಂದನ್ನು ನೋಡಿ ವಚನವನ್ನು ಶರಣರಿಗೆ ಆರೋಪಿಸುವ ಬದಲು ಸಂಪುಟವನ್ನೂ ವಚನಸಂಖ್ಯೆಯನ್ನೂ ಕೊಡಲು ಈಗ ಯಾವ ಅಡ್ಡಿಯೂ ಇಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟುದು ಇನ್ನೊಂದು ಉಪಕಾರ.

ಅಚ್ಚಾಗದ ಜ್ಞಾನದ ಗತಿಯೇನೆಂಬುದು ಈ ವ್ಯವಸ್ಥೆಯ ಅತ್ಯಂತ ಕಠಿಣವಾದ ಪ್ರಶ್ನೆ. ಅಚ್ಚಿನ ಲೋಕದಲ್ಲಿಯೇ ಗಮನ ಸಾಲದೆ ಹೋಗುವುದುಂಟು. 2018ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಡೊನಾ ಸ್ಟ್ರಿಕ್‌ಲೆಂಡ್ ಅವರನ್ನು ಕುರಿತ ಲೇಖನವು, ಅವರ ಬಗೆಗೆ ಅನ್ಯರು ಬರೆದ ಆಕರಗಳು ಸಾಲವೆಂದು, ಅದೇ ವರ್ಷದ ಮೇ ತಿಂಗಳಲ್ಲಿ ವಿಕಿಪೀಡಿಯದಲ್ಲಿ ತಿರಸ್ಕೃತವಾಗಿತ್ತು. ಹೀಗಿರುವಾಗ ಬಾಯಿಂದ ಬಾಯಿಗೆ ಬಂದುದರ ಪಾಡನ್ನು ಹೇಳುವುದೇನು? ಪೌರಾಣಿಕರು ಐತಿಹ್ಯವನ್ನು ಬೇರೆಯೇ ಒಂದು ಪ್ರಮಾಣವೆಂದರು. ನೈಯಾಯಿಕರು ಅದನ್ನು ಶಬ್ದದಲ್ಲಿಯೇ ಅಡಗಿಸಿದರು. ವಿಕಿಪೀಡಿಯವು ಅದನ್ನು ಹೊರಗೇ ನಿಲ್ಲಿಸಿತು. ಬೆಂಗಳೂರಿನ ಅಚಲ ಪ್ರಭಲ ಅವರು 2011ರಲ್ಲಿ ಇದನ್ನು ಪ್ರಶ್ನಿಸಿ, ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳ ಪ್ರದೇಶಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ, ಆ ಮುದ್ರಿಕೆಯನ್ನೇ ಅಡಿಟಿಪ್ಪಣಿಯಾಗಿ ಕೊಡುವ ಪ್ರಯೋಗವನ್ನು ನಡೆಸಿದರು. ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರಲ್ಲಿ ಬಹುಮಂದಿ ಒಪ್ಪಲಿಲ್ಲ. ಸಂಪಾದಕನು ತಾನೇ ಹೋಗಿ ಕೇಳಿ ಬಂದುದು ಸ್ವಂತ ಸಂಶೋಧನೆಯಾಗುತ್ತದೆಂಬುದು ಅವರ ವಾದ. ಒಪ್ಪದವರ ಪಕ್ಷದಲ್ಲಿ ತರ್ಕವಿದೆ. ಆದರೆ ಆ ತರ್ಕದ ಬೆಲೆಯನ್ನು ತೆರುವವರು ಮುದ್ರಣಾಲಯವಿಲ್ಲದ ಊರಿನವರು.

ಐತಿಹ್ಯಕ್ಕೆ ನಮ್ಮ ಶಾಸ್ತ್ರಗಳು ಕೊಡುವ ಉದಾಹರಣೆ ಆಲದ ಮರದ ಯಕ್ಷನದು. ಮರದಲ್ಲಿ ಯಕ್ಷನಿದ್ದಾನೆಂದು ಎಲ್ಲರೂ ಹೇಳುತ್ತಾರೆ, ಮೊದಲು ಹೇಳಿದವರಾರೆಂದು ಯಾರಿಗೂ ತಿಳಿಯದು. ಮರದಲ್ಲಿ ಯಕ್ಷನಿದ್ದಾನೆಂದು ವಿಕಿಪೀಡಿಯದಲ್ಲಿ ಬರೆಯುವಂತಿಲ್ಲ. ಇಂಥ ಊರಿನವರು ಹಾಗೆ ಹೇಳುತ್ತಾರೆಂದು ಬರೆಯಬಹುದು. ಅದಕ್ಕಿಂತ ಮೊದಲು ಯಾರಾದರೂ ಆ ಊರಿಗೆ ಹೋಗಿ, ಹೇಳಿದವರ ಹೆಸರನ್ನೂ ದಿನವನ್ನೂ ಗುರುತು ಮಾಡಿಕೊಂಡು, ನಾಲ್ವರ ಕೈಗೆ ಸಿಗುವಂತೆ ಅಚ್ಚುಮಾಡಿಸಿರಬೇಕು.